ಎಡಗಾಲಿಗೆ ಬಿಡುವು ಕೊಟ್ಟ ಗೇರ್ ಬಾಕ್ಸು

ನಮ್ಮ ಕಡೆ ಲಾರಿ ಓಡಿಸಿ ವಯಸ್ಸಾದವರನ್ನು ನಡಿಗೆಯಲ್ಲೇ ಗುರುತು ಹಿಡಿಯಬಹುದು. ಎಡಗಾಲನ್ನು ತುಸು ಎಳೆದು ಹಾಕುತ್ತಾರೆ. ಕಟ್ಟೆ ಇಳಿಯುವಾಗ ಎಡ ಮೊಣಕಾಲಿಗೆ ಕೈ ಕೊಡುತ್ತಾರೆ. ಹಳೇ ಲಾರಿಯ ಕ್ಲಚ್ಚು ಒತ್ತಿದವರಿಗೇ ಗೊತ್ತು ಅದರ ಬಿಗಿ. ಬಲಗಾಲಿನದು ಹದವಾಗಿ ಒತ್ತುವ, ಬಿಡುವ ಕೆಲಸ. ಎಡಗಾಲಿನದು ಮಾತ್ರ ದಿನವಿಡೀ ತುಳಿಯುವ ಕೂಲಿ. ಕೊಟ್ಟೂರಿನ ನನ್ನ ಗ್ಯಾರೇಜಿಗೆ ಬರುವ ಡ್ರೈವರುಗಳ ಜೊತೆ ಚಹಾ ಕುಡಿಯುತ್ತ ಕೂತಾಗೆಲ್ಲ ಈ ಎಡಗಾಲಿನ ಮಾತು ಬಂದೇ ಬರುತ್ತದೆ.

ಲಾರಿಗಳು ಗಣಿಯ ಅದಿರು ಸಾಗಿಸುತ್ತಿದ್ದ ಕಾಲದಲ್ಲಂತೂ ಹೇಳುವುದೇ ಬೇಡ. ಹೊಸಪೇಟೆಯಿಂದ ಹಗರಿಬೊಮ್ಮನಹಳ್ಳಿ, ಹರಪನಹಳ್ಳಿ ಹಾಯ್ದು ಹರಿಹರ, ಶಿವಮೊಗ್ಗದ ಕಡೆ ಹೋಗುವ ರಸ್ತೆಯಲ್ಲೂ ಕೂಡ್ಲಿಗಿ ಹಾಯ್ದು ಚಿತ್ರದುರ್ಗಕ್ಕೆ ಹೋಗುವ ಹೆದ್ದಾರಿಯಲ್ಲೂ ಕೆಂಪು ಧೂಳು ಹೊದ್ದ ಲಾರಿಗಳ ಸಾಲು ಕಣ್ಣಿಗೆ ಬೀಳದ ಹೊತ್ತೇ ಇರಲಿಲ್ಲ. ಹತ್ತು ಮಾರು ಮುಂದೆ ಹೋಗುವುದು, ನಿಲ್ಲುವುದು, ಮತ್ತೆ ಹತ್ತು ಮಾರು. ಹೆಚ್ಚು ಭಾರ, ಹೆಚ್ಚು ಟ್ರಿಪ್ಪು, ನಿದ್ದೆಗೆಟ್ಟ ಡ್ರೈವರು. ಕ್ಲಚ್ ಪ್ಲೇಟು ಸುಟ್ಟ ವಾಸನೆ ನಮ್ಮ ಶೆಡ್ಡಿನ ಗೋಡೆಗೇ ಅಂಟಿಕೊಂಡಿತ್ತು. 2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದ ಮೇಲೆ ಆ ಸಾಲು ಕರಗಿತು. ಮನೆ ಮುಂದೆ, ಹೊಲದ ಬದುವಿನಲ್ಲಿ ಲಾರಿಗಳು ತುಕ್ಕು ಹಿಡಿಯುತ್ತ ನಿಂತವು. ಗೇರ್ ಬಾಕ್ಸು ಇಳಿಸಿ ಏರಿಸುವುದೇ ಬದುಕಾಗಿದ್ದ ನಮ್ಮಂಥವರ ಕೈಗೂ ಕೆಲಸ ಕಡಿಮೆಯಾಯಿತು.

ನಾನು ಕೆಲಸ ಕಲಿತದ್ದು ಅದಕ್ಕೂ ಎಷ್ಟೋ ಮುಂಚೆ, ಹಗರಿಬೊಮ್ಮನಹಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಪುಸ್ತಕವಿಲ್ಲ, ಪಾಠವಿಲ್ಲ. ಲಾರಿಯ ಕೆಳಗೆ ಗೋಣಿತಟ್ಟು ಹಾಸಿ ಅಂಗಾತ ಮಲಗಿದರೆ ಅದೇ ಶಾಲೆ. ಮೊದಲು ಪಾನ ಎತ್ತಿ ಕೊಡುವುದು, ಆಮೇಲೆ ಡೀಸೆಲ್ಲಿನಲ್ಲಿ ಸಾಮಾನು ತೊಳೆಯುವುದು. ಬೇರಿಂಗು ಕೈಯಲ್ಲಿ ತಿರುಗಿಸಿ ಅದರ ಸದ್ದಿನಲ್ಲೇ ಒಳ್ಳೆಯದೋ ಕೆಟ್ಟದ್ದೋ ಹೇಳುವುದು ಬಂದ ಮೇಲೆಯೇ ಗೇರ್ ಬಾಕ್ಸಿನ ಹತ್ತಿರ ಬಿಡುತ್ತಿದ್ದರು.

ನಮ್ಮ ಮೇಸ್ತ್ರಿಯದು ಒಂದು ಹಟವಿತ್ತು. ಗೇರ್ ಬಾಕ್ಸು ಎಂಜಿನ್ನಿಗೆ ಸೇರಿಸುವಾಗ ಎಷ್ಟೋ ಕಡೆ ಉದ್ದನೆ ಬೋಲ್ಟು ಹಾಕಿ, ಒಂದೊಂದೇ ಸುತ್ತು ಬಿಗಿದು ಎಳೆದುಕೊಳ್ಳುತ್ತಾರೆ. ಬೇಗ ಆಗುತ್ತದೆ, ಸುಲಭವೂ ಹೌದು. ನಮ್ಮ ಮೇಸ್ತ್ರಿ ಅದಕ್ಕೆ ಒಪ್ಪುತ್ತಿರಲಿಲ್ಲ. ಮರದ ಗೂಟವನ್ನು ಶಾಫ್ಟಿನ ಅಳತೆಗೆ ಕೆತ್ತಿಟ್ಟುಕೊಂಡಿದ್ದರು. ಅದನ್ನು ಕ್ಲಚ್ ಪ್ಲೇಟಿನ ನಡುವೆ ತೂರಿಸಿ ನೆಟ್ಟಗೆ ನಿಲ್ಲಿಸಿದ ಮೇಲೆಯೇ ಪ್ರೆಷರ್ ಪ್ಲೇಟಿನ ಬೋಲ್ಟು ಬಿಗಿಯಬೇಕು. ಆಮೇಲೆ ಚೈನ್ ಬ್ಲಾಕಿನಲ್ಲಿ ಗೇರ್ ಬಾಕ್ಸು ತೂಗಿಸಿ, ಹಿಂದೆ ಒಬ್ಬ ಕೈಯಿಂದ ತುಸು ಅಲ್ಲಾಡಿಸುತ್ತ, ಇನ್ನೊಬ್ಬ ಹಿಂದಿನ ಶಾಫ್ಟು ತಿರುಗಿಸುತ್ತ ಇರಬೇಕು. ಹಲ್ಲು ಹಲ್ಲಿಗೆ ಕೂತ ಕ್ಷಣ ಇಡೀ ಭಾರ ತಾನೇ ಒಳಗೆ ಸರಿಯುತ್ತಿತ್ತು. ‘ಬೋಲ್ಟು ಇರೋದು ಹಿಡಿಯಾಕ ಲೇ ಹುಡುಗಾ, ಎಳೆಯಾಕಲ್ಲ. ಕೈಗೆ ಬರದಿದ್ರ ಒಳಗ ಏನೋ ತಪ್ಪೈತಿ ಅಂತ ತಿಳಕಾ’ ಎನ್ನುತ್ತಿದ್ದರು. ಎಲ್ಲ ಲಾರಿಗೂ ಅಷ್ಟು ನಾಜೂಕು ಬೇಕಿತ್ತೇ ಎಂದು ಆಗ ಅನ್ನಿಸುತ್ತಿತ್ತು. ಆ ಮಾತಿನ ಪೂರ್ತಿ ಬೆಲೆ ನನಗೆ ತಿಳಿದದ್ದು ಲಾರಿಯಿಂದಲ್ಲ, ಒಂದು ಸಣ್ಣ ಕಾರಿನಿಂದ.

ಗೇರು ಹಾಕುವ ಗೋಜಿಲ್ಲದ ಗಾಡಿ ನಮ್ಮ ಕಡೆಗೆ ಮೊದಲು ಬಂದದ್ದು ಕಾರಿನ ರೂಪದಲ್ಲಲ್ಲ, ಮೊಪೆಡ್ಡಿನ ರೂಪದಲ್ಲಿ. ಲೂನಾ 1972ರಲ್ಲಿ, ಟಿವಿಎಸ್ 50 1980ರಲ್ಲಿ ಬಂದವು. ಆಕ್ಸಿಲೇಟರ್ ತಿರುವಿದರೆ ಸಾಕು, ಎಂಜಿನ್ನಿನ ವೇಗಕ್ಕೆ ಕ್ಲಚ್ಚಿನ ಶೂಗಳು ತಾವೇ ಹೊರಕ್ಕೆ ಹರಡಿ ಡ್ರಮ್ಮಿಗೆ ಕಚ್ಚಿಕೊಳ್ಳುತ್ತವೆ. ಹಡಗಲಿಯ ಮಲ್ಲಿಗೆ ಬುಟ್ಟಿ, ಕೂಡ್ಲಿಗಿಯ ಶೇಂಗಾ ಚೀಲ, ಹಾಲಿನ ಕ್ಯಾನು, ಹೊಲಕ್ಕೆ ಹೋಗುವ ಹೆಂಡತಿ ಮಕ್ಕಳು, ಎಲ್ಲವನ್ನೂ ಹೊತ್ತದ್ದು ಅದೇ ಗಾಡಿ. 1980ರ ದಶಕದಲ್ಲಿ ಬಂದ ಕೈನೆಟಿಕ್ ಹೋಂಡಾ ಸ್ಕೂಟರು ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಒಳಗೆ ರಬ್ಬರ್ ಬೆಲ್ಟು, ಅಗಲ ಕಿರಿದಾಗುವ ಪುಲ್ಲಿ. ವೇಗ ಹೆಚ್ಚಿದಂತೆ ಬೆಲ್ಟು ಪುಲ್ಲಿಯ ಮೇಲೆ ಹತ್ತುತ್ತ ಇಳಿಯುತ್ತ ತಾನೇ ಗೇರು ಬದಲಿಸುತ್ತಿತ್ತು.

ಆ ಸ್ಕೂಟರಿಗೆ ಹಿಂದೆ ಎರಡು ಪಕ್ಕದ ಚಕ್ರ ಹಾಕಿಸಿಕೊಂಡು ಓಡಾಡಿದವರನ್ನು ನಮ್ಮೂರುಗಳ ಬಸ್‌ಸ್ಟ್ಯಾಂಡಿನಲ್ಲಿ, ತಹಸೀಲ್ದಾರರ ಕಚೇರಿ ಮುಂದೆ, ಶಾಲೆಯ ಬಾಗಿಲಲ್ಲಿ ಎಲ್ಲರೂ ನೋಡಿದ್ದೇವೆ. ಹಸುಗೂಸಾಗಿದ್ದಾಗ ಬಂದ ಜ್ವರ ಒಂದು ಕಾಲಿನ ಬಲ ತೆಗೆದುಕೊಂಡು ಹೋದ ತಲೆಮಾರು ಅದು. ದೇಶದಲ್ಲಿ ಪೋಲಿಯೊದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, ಭಾರತ ಪೋಲಿಯೊಮುಕ್ತವೆಂದು ಸಾರಿದ್ದು 2014ರ ಮಾರ್ಚ್‌ನಲ್ಲಿ. ರೋಗ ಹೋಯಿತು, ಅದು ಹೊಡೆದ ಕಾಲುಗಳು ಇನ್ನೂ ನಮ್ಮ ನಡುವೆ ನಡೆಯುತ್ತಿವೆ. ಆಟೊಮ್ಯಾಟಿಕ್ ಗೇರ್ ಬಾಕ್ಸು ಶ್ರೀಮಂತರ ಷೋಕಿ ಎಂದು ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುವುದು ಇದಕ್ಕೇ.

ಹರಪನಹಳ್ಳಿ ತಾಲ್ಲೂಕಿನ ಒಬ್ಬ ಮೇಷ್ಟ್ರು ಅಂಥವರಲ್ಲಿ ಒಬ್ಬರು. ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ಎಡಗಾಲು ಬಾಲ್ಯದಿಂದಲೇ ಸೊರಗಿತ್ತು, ಬಲಗಾಲು ಗಟ್ಟಿಯಿತ್ತು. ಪಕ್ಕದ ಚಕ್ರದ ಸ್ಕೂಟರಿನಲ್ಲೇ ಸರ್ವೀಸಿನ ಬಹುಭಾಗ ಕಳೆದಿದ್ದರು. ಅದರ ನಂಬರು ಕೆಎ 17, ದಾವಣಗೆರೆಯದು. 1997ರಲ್ಲಿ ಹರಪನಹಳ್ಳಿಯನ್ನು ದಾವಣಗೆರೆ ಜಿಲ್ಲೆಗೆ ಸೇರಿಸಿದ್ದರಲ್ಲ, ಆ ಕಾಲದ ಗುರುತು. ಆಮೇಲೆ ತಾಲ್ಲೂಕು ಬಳ್ಳಾರಿಗೆ ಮರಳಿತು, 2021ರಲ್ಲಿ ನಾವೆಲ್ಲರೂ ಒಟ್ಟಿಗೆ ವಿಜಯನಗರ ಜಿಲ್ಲೆಯವರಾದೆವು. ಮಳೆಗಾಲದ ಕೆಸರು, ಬೇಸಿಗೆಯ ಬಿಸಿಲು, ಲಾರಿ ಹಾಯ್ದಾಗ ಎರಚುವ ಜಲ್ಲಿ, ಎಲ್ಲವನ್ನೂ ಸಹಿಸಿದ ಮೇಲೆ ಅವರೊಂದು ಹಳೇ ಕಾರು ಕೊಂಡರು. ಸಣ್ಣ ಪೆಟ್ರೋಲ್ ಕಾರು, ಮೂರು ಗೇರಿನ ಆಟೊಮ್ಯಾಟಿಕ್. ಮಾರುತಿ ಝೆನ್, ಎಸ್ಟೀಮ್‌ಗಳ ಕಾಲದಿಂದಲೂ ಇಂಥ ಕಾರು ದೇಶದಲ್ಲಿ ಸಿಗುತ್ತಿದ್ದವು, ಆದರೆ ನಮ್ಮ ಕಡೆ ಕಂಡವರು ವಿರಳ.

ಕಾರು ಕೊಂಡ ಸ್ವಲ್ಪ ಕಾಲಕ್ಕೇ ರಿವರ್ಸ್ ಗೇರು ಕೆಟ್ಟುಹೋಯಿತು. ಆಮೇಲೆ ಎಂಜಿನ್ನು ಕೂಗುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಹಿಂದಿನ ಮಾಲೀಕನ ಕಾಲದಲ್ಲಿ ಯಾರೋ ಅದಕ್ಕೆ ಬೇರೆ ಎಣ್ಣೆ ಸುರಿದಿದ್ದರು. ಆಟೊಮ್ಯಾಟಿಕ್ಕಿಗೆ ಹಾಕಬೇಕಾದದ್ದು ತೆಳ್ಳಗಿನ ಕೆಂಪು ಎಟಿಎಫ್ ಎಣ್ಣೆ. ನಾನು ಡಿಪ್ ಸ್ಟಿಕ್ ತೆಗೆದು ನೋಡಿದಾಗ ಬಂದದ್ದು ಕಪ್ಪು ರಸ, ಮೂಗಿಗೆ ಹೊಡೆಯುವ ಸುಟ್ಟ ನಾತ. ಒಳಗಿನ ಕ್ಲಚ್ ಪ್ಲೇಟುಗಳ ಲೈನಿಂಗು ಸವೆದು ಉದುರಿ ಎಣ್ಣೆಯಲ್ಲಿ ಬೆರೆತಿತ್ತು.

ಕಾರು ನನ್ನ ಹತ್ತಿರ ಬರುವ ಮೊದಲೇ ಊರಿನಲ್ಲಿ ಪಂಚಾಯ್ತಿ ಮುಗಿದಿತ್ತು. ಮಾರಿಬಿಡಿ ಎಂದವರು ಕೆಲವರು. ಆ ಪೆಟ್ಟಿಗೆ ಕಿತ್ತೆಸೆದು ಗೇರಿನ ಬಾಕ್ಸು ಕೂರಿಸಿಬಿಡಿ, ಅರ್ಧ ದುಡ್ಡಿನಲ್ಲಿ ಆಗುತ್ತದೆ ಎಂದವರು ಇನ್ನೂ ಹಲವರು. ಲೆಕ್ಕದಲ್ಲಿ ಅದೇನೂ ಸುಳ್ಳಲ್ಲ, ಸಾಮಾನು ಸಿಗುತ್ತಿತ್ತು. ಮೇಷ್ಟ್ರು ಕಾರಿನ ಬಾಗಿಲಿಗೆ ಆನಿಕೊಂಡು ನಿಂತು ಹೇಳಿದರು: ‘ಕ್ಲಚ್ ಇರೋ ಕಾರು ಊರ ತುಂಬಾ ಅದಾವ ತಮ್ಮಾ. ಅವು ಬೇಕಾಗಿದ್ರ ನಾನ್ಯಾಕ ಇದನ್ನ ಹುಡುಕ್ಕೊಂಡು ಹೋಗತಿದ್ದೆ? ನನ್ನ ಕಾಲಿಗೆ ಒಪ್ಪೋದು ಇದೊಂದೇ.’ ಆಮೇಲೆ ಆ ವಿಷಯದಲ್ಲಿ ಇನ್ನೊಂದು ಮಾತು ನನಗೆ ಬೇಕಾಗಿರಲಿಲ್ಲ. ‘ಆಟೊಮ್ಯಾಟಿಕ್ಕೇ ಕೂರಿಸೋಣ ಸರ್’ ಎಂದೆ.

ಹಳೇ ಬಾಕ್ಸು ಬಿಚ್ಚಿ ಸರಿಮಾಡುವುದಕ್ಕಿಂತ, ಗುಜರಿಯಲ್ಲಿ ಅದೇ ಮಾದರಿಯ ಒಳ್ಳೆಯ ಬಾಕ್ಸು ಸಿಕ್ಕರೆ ಬದಲಿಸುವುದು ಲೇಸು ಅನ್ನಿಸಿತು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಹುಡುಕಿಸಿದೆವು. ಮುಂದಿನಿಂದ ಗುದ್ದಿಸಿಕೊಳ್ಳದ, ಹಿಂದಿನಿಂದ ಪೆಟ್ಟು ತಿಂದ ಕಾರಿನ ಬಾಕ್ಸೇ ಬೇಕೆಂದು ಹೇಳಿದ್ದೆ. ಬಂದದ್ದರ ಎಣ್ಣೆ ಕೆಂಪಗೇ ಇತ್ತು, ಸುಟ್ಟ ವಾಸನೆ ಇರಲಿಲ್ಲ. ಟ್ರಾನ್ಸ್‌ಪೋರ್ಟ್ ಲಾರಿಯಲ್ಲಿ ಮರದ ಚೌಕಟ್ಟಿನೊಳಗೆ ಕಟ್ಟಿಸಿಕೊಂಡು ಅದು ಕೊಟ್ಟೂರಿಗೆ ಬಂತು.

ಆ ಬಾಕ್ಸಿನ ಒಳಗುಟ್ಟು ನನಗೆ ತಿಳಿಸಿದವರು ದೋಣಿಮಲೆಯ ಒಬ್ಬ ಫಿಟ್ಟರು. ಸಂಡೂರಿನ ಆ ಬೆಟ್ಟದಲ್ಲಿ ಎನ್‌ಎಂಡಿಸಿಯ ಗಣಿ 1977ರಲ್ಲಿ ಶುರುವಾಯಿತು. ನಮ್ಮ ರಸ್ತೆಯ ಲಾರಿ ಡ್ರೈವರುಗಳು ಕ್ಲಚ್ಚು ತುಳಿದು ಮೊಣಕಾಲು ಕಳೆದುಕೊಳ್ಳುತ್ತಿದ್ದ ಕಾಲದಲ್ಲೇ ಗಣಿಯೊಳಗಿನ ದೈತ್ಯ ಡಂಪರುಗಳು ಆಟೊಮ್ಯಾಟಿಕ್ಕಿನಲ್ಲಿ ಓಡುತ್ತಿದ್ದವು. ಹತ್ತಾರು ಟನ್ ಅದಿರು ಹೊತ್ತು ಏರು ಹತ್ತುವ ಗಾಡಿಯಲ್ಲಿ ಮನುಷ್ಯನ ಕಾಲಿನಿಂದ ಕ್ಲಚ್ಚು ಆಡಿಸುವುದು ಆಗಹೋಗದ ಮಾತು. ಅಂಥ ಯಂತ್ರ ಕಟ್ಟುವ ಬೆಮೆಲ್ ನಮ್ಮ ರಾಜ್ಯದ್ದೇ, 1964ರಲ್ಲಿ ಹುಟ್ಟಿದ್ದು. ಕೆಜಿಎಫ್, ಮೈಸೂರುಗಳಲ್ಲಿ ಅದರ ಕಾರ್ಖಾನೆಗಳಿವೆ. ಫಿಟ್ಟರಣ್ಣ ಹಗರಿಬೊಮ್ಮನಹಳ್ಳಿಯ ಕಡೆಯವರು, ರಜೆಗೆ ಊರಿಗೆ ಬಂದಾಗ ನಮ್ಮ ಶೆಡ್ಡಿಗೆ ಬಂದು ಕೂರುತ್ತಿದ್ದರು. ‘ಡಂಪರಾದ್ರೇನು, ಕಾರಾದ್ರೇನು. ಅಳತಿ ಸಣ್ಣದು ಅಷ್ಟ’ ಎಂದು ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆದು ತೋರಿಸಿದರು.

ಎಂಜಿನ್ನಿಗೂ ಗೇರಿಗೂ ನಡುವೆ ಒಣ ಕ್ಲಚ್ ಪ್ಲೇಟಿನ ಬದಲು ಟಾರ್ಕ್ ಕನ್ವರ್ಟರ್ ಇರುತ್ತದೆ. ಕುಂಬಳಕಾಯಿಯ ಹಾಗೆ ದುಂಡಗೆ, ಒಳಗೆಲ್ಲ ಎಣ್ಣೆ. ಎಂಜಿನ್ನಿನ ಜೊತೆ ತಿರುಗುವ ಒಂದು ರೆಕ್ಕೆಗಾಲಿ ಎಣ್ಣೆಯನ್ನು ಎರಚುತ್ತದೆ, ಆ ರಭಸಕ್ಕೆ ಎದುರಿನ ಗಾಲಿ ತಿರುಗಿ ಗೇರಿನ ಶಾಫ್ಟನ್ನು ತಿರುಗಿಸುತ್ತದೆ. ನಡುವಿನ ಮೂರನೆಯದು ಮರಳುವ ಎಣ್ಣೆಯ ದಿಕ್ಕು ತಿದ್ದಿ, ಗಾಡಿ ನಿಂತಲ್ಲಿಂದ ಹೊರಡುವಾಗ ಬಲವನ್ನು ಹೆಚ್ಚುಕಮ್ಮಿ ಇಮ್ಮಡಿ ಮಾಡುತ್ತದೆ. ಬ್ರೇಕು ತುಳಿದು ನಿಂತರೆ ಎಣ್ಣೆ ಜಾರುತ್ತದೆ, ಎಂಜಿನ್ನು ಆಫ್ ಆಗುವುದಿಲ್ಲ. ಹರ್ಮನ್ ಫೊಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಇದರ ಪೇಟೆಂಟು ತೆಗೆದುಕೊಂಡದ್ದು ಹಡಗಿಗೆಂದು. ಎಣ್ಣೆಯ ಮೂಲಕ ಬಲ ಸಾಗಿಸುವ ಅದೇ ವಿದ್ಯೆ ಅಮೆರಿಕದ ಜನರಲ್ ಮೋಟಾರ್ಸ್‌ನ ಹೈಡ್ರಾಮ್ಯಾಟಿಕ್ ಮೂಲಕ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರಿಗೆ ಬಂತು, ಎರಡನೇ ಮಹಾಯುದ್ಧದಲ್ಲಿ ಟ್ಯಾಂಕಿಗೂ ಹೋಯಿತು.

ಕೂರಿಸುವ ದಿನ ಫಿಟ್ಟರಣ್ಣ ಬಂದರು. ವಯಸ್ಸಾಗಿ ಕೆಲಸ ಬಿಟ್ಟಿದ್ದ ನಮ್ಮ ಮೇಸ್ತ್ರಿಯನ್ನೂ ಕರೆಸಿದ್ದೆ. ಅವರಿಗೆ ಒಂದು ಕುರ್ಚಿ ಹಾಕಿ, ಪಕ್ಕದಲ್ಲಿ ಫ್ಯಾನಿಟ್ಟೆವು.

ಮೊದಲ ಕೆಲಸ ಬಾಕ್ಸಿನದಲ್ಲ, ರೇಡಿಯೇಟರಿನದು. ಆಟೊಮ್ಯಾಟಿಕ್ಕಿನ ಎಣ್ಣೆ ರೇಡಿಯೇಟರಿನೊಳಗೆ ಹಾಯ್ದು ತಣ್ಣಗಾಗಿ ಬರುತ್ತದೆ. ಹಳೇ ಬಾಕ್ಸಿನ ಪುಡಿಯೆಲ್ಲ ಆ ಪೈಪುಗಳಲ್ಲೇ ಕೂತಿರುತ್ತದೆ. ಅದನ್ನು ತೊಳೆಯದೆ ಹೊಸ ಬಾಕ್ಸು ಹಾಕಿದರೆ ಹಳೆಯದರ ಕಸ ಹೊಸದರ ಹೊಟ್ಟೆ ಸೇರುತ್ತದೆ. ಹೊಸ ಎಣ್ಣೆ ಹಾಯಿಸಿ, ಗಾಳಿ ಊದಿ, ಕೆಂಪಗೆ ತಿಳಿಯಾಗಿ ಬರುವ ತನಕ ಬಿಡಲಿಲ್ಲ.

ಆಮೇಲೆ ಕನ್ವರ್ಟರು. ಅದರ ಬಾಯಿ ಮೇಲೆ ಮಾಡಿಟ್ಟು ಒಳಗೆ ಎಣ್ಣೆ ತುಂಬಿದೆವು, ಸ್ಟಾರ್ಟ್ ಮಾಡಿದ ಮೊದಲ ಕ್ಷಣಕ್ಕೆ ಪಂಪು ಒಣಗಬಾರದೆಂದು. ಬಾಕ್ಸಿನ ಶಾಫ್ಟಿಗೆ ಅದನ್ನು ತೂರಿಸಿ, ಒಳಕ್ಕೆ ಒತ್ತುತ್ತ ಮೆಲ್ಲಗೆ ತಿರುಗಿಸಬೇಕು. ಫಿಟ್ಟರಣ್ಣ ನನ್ನ ಕೈಯನ್ನು ಹಿಡಿದು ಅದರ ಮೇಲಿಟ್ಟರು. ‘ಕಣ್ಣಿಗೆ ಕಾಣಂಗಿಲ್ಲ ಇದು. ಅಂಗೈಗೆ ಗೊತ್ತಾಗಬೇಕು.’ ತಿರುಗಿಸಿದೆ. ಟಕ್ ಎಂದು ಒಂದು ಇಳಿತ, ಶಾಫ್ಟಿನ ಹಲ್ಲು ಕೂತವು. ಇನ್ನೂ ತಿರುಗಿಸಿದೆ. ಇನ್ನೊಂದು ಇಳಿತ, ನಡುವಿನ ಗಾಲಿಯದು. ಹೊರಗಿನಿಂದ ನೋಡಿದವರಿಗೆ ಅಲ್ಲಿಗೇ ಪೂರ್ತಿ ಕೂತಂತೆ ಕಾಣುತ್ತಿತ್ತು. ‘ಇನ್ನೊಂದೈತಿ’ ಎಂದರು. ತಿರುಗಿಸುತ್ತಲೇ ಇದ್ದೆ. ಕೊನೆಗೆ ಧಪ್ ಎಂದು ಮೂರನೆಯದು ಇಳಿಯಿತು, ಎಣ್ಣೆ ಪಂಪಿನ ಕಿವಿಗೆ ಕನ್ವರ್ಟರಿನ ಕೊರಳು ಕೂತಿತು. ಹೌಸಿಂಗಿನ ಬಾಯಿಗೆ ಅಡ್ಡ ಪಟ್ಟಿ ಇಟ್ಟು, ಸ್ಕೇಲಿನಿಂದ ಆಳ ಅಳೆದು ನೋಡಿದೆವು. ಆ ಮೂರನೆಯ ಇಳಿತ ಆಗದೆ ಎಂಜಿನ್ನಿಗೆ ಜೋಡಿಸಿ ಬೋಲ್ಟಿನಿಂದ ಎಳೆದರೆ ಪಂಪು ಒಳಗೇ ಸೀಳುತ್ತದೆ. ಹೊರಗಿನವರಿಗೆ ಏನೂ ಕೇಳಿಸುವುದಿಲ್ಲ. ಸ್ಟಾರ್ಟ್ ಮಾಡಿದಾಗಲೇ ಗೊತ್ತಾಗುವುದು, ಆಗ ಮಾಡಲು ಏನೂ ಉಳಿದಿರುವುದಿಲ್ಲ.

ಟ್ರಾಲಿ ಜಾಕಿಯ ಮೇಲೆ ಬಾಕ್ಸು ಕೂರಿಸಿ, ಕನ್ವರ್ಟರು ಮುಂದಕ್ಕೆ ಜಾರದಂತೆ ಒಬ್ಬ ಹುಡುಗ ಹಿಡಿದು, ಎಂಜಿನ್ನಿನ ಹತ್ತಿರ ತಂದೆವು. ಗೈಡ್ ಪಿನ್ನು ತೂತಿಗೆ ನೇರ ಬಂದಿತು. ಒಂದೂ ಬೋಲ್ಟು ಹಾಕಿರಲಿಲ್ಲ. ಕೈಯಿಂದ ಒತ್ತಿದೆ. ಅಂಚಿಗೆ ಅಂಚು ಸುತ್ತಲೂ ಸಮನಾಗಿ ಸೇರಿತು. ಕೆಳಗಿನ ಕಿಂಡಿಯಲ್ಲಿ ಕೈ ಹಾಕಿ ಕನ್ವರ್ಟರು ತಿರುಗಿಸಿ ನೋಡಿದೆ, ಬಿಡುಬೀಸಾಗಿ ತಿರುಗಿತು, ಮುಂದಿನ ಪ್ಲೇಟಿಗೂ ಅದಕ್ಕೂ ನಡುವೆ ಕೆಲವೇ ಮಿಲಿಮೀಟರಿನ ಸಂದು. ಕುರ್ಚಿಯಲ್ಲಿ ಕೂತಿದ್ದ ಮೇಸ್ತ್ರಿ ಎದ್ದು ಬಂದು, ಬಗ್ಗಿ, ಟಾರ್ಚು ಬಿಟ್ಟು ನೋಡಿದರು. ‘ಈಗ ಹಾಕು ಬೋಲ್ಟು’ ಎಂದರು. ಲಾರಿಯ ಕೆಳಗೆ ಅವರು ಹಿಡಿದ ಹಟವೂ ದೋಣಿಮಲೆಯಿಂದ ಬಂದ ಪಾಠವೂ ಒಂದೇ ಆಗಿದ್ದವು. ಆಟೊಮ್ಯಾಟಿಕ್ಕಿನ ಹೆಸರನ್ನೂ ಕೇಳದ ಕಾಲದಲ್ಲಿ ಅವರು ನಮ್ಮ ಕೈಗೆ ಹಾಕಿದ ರೂಢಿ ಆ ಹೊತ್ತು ಮೇಷ್ಟ್ರ ದುಡ್ಡನ್ನೂ ಗಾಡಿಯನ್ನೂ ಉಳಿಸಿತು. ಇದನ್ನು ನಾನು ನನ್ನ ಹುಡುಗರಿಗೆ ಹೇಳದ ದಿನವಿಲ್ಲ.

ಉಳಿದ ಜೋಡಣೆ ಗೊತ್ತಿದ್ದ ಕೆಲಸ. ಎರಡೂ ಕಡೆಯ ಡ್ರೈವ್ ಶಾಫ್ಟು, ಮೌಂಟಿಂಗು, ಸೆಲೆಕ್ಟರ್ ಕೇಬಲ್ಲು, ಆಕ್ಸಿಲೇಟರಿನಿಂದ ಬಾಕ್ಸಿಗೆ ಬರುವ ಕೇಬಲ್ಲು. ಈ ಕೊನೆಯದನ್ನು ಮಾತ್ರ ಎರಡೆರಡು ಸಲ ನೋಡಬೇಕು. ಅದು ಸಡಿಲವಿದ್ದರೆ ಗೇರು ಬೇಗ ಬಿದ್ದು ಗಾಡಿ ಸೊರಗುತ್ತದೆ, ಬಿಗಿಯಿದ್ದರೆ ಗೇರು ತಡವಾಗಿ ಬಿದ್ದು ಎಂಜಿನ್ನು ಕೂಗುತ್ತದೆ. ಪಿ (ಪಾರ್ಕಿಂಗ್) ಮತ್ತು ಎನ್ (ನ್ಯೂಟ್ರಲ್) ಬಿಟ್ಟು ಬೇರೆಲ್ಲೂ ಸ್ಟಾರ್ಟ್ ಆಗದಂತೆ ತಡೆಯುವ ಸ್ವಿಚ್ಚನ್ನೂ ಸರಿಮಾಡಿದೆವು. ಎಣ್ಣೆ ಹಾಕಿ, ಸ್ಟಾರ್ಟ್ ಮಾಡಿ, ಬ್ರೇಕಿನ ಮೇಲೆ ಕಾಲಿಟ್ಟು ಲಿವರನ್ನು ಒಂದೊಂದೇ ಸ್ಥಾನಕ್ಕೆ ತಂದು ನಿಲ್ಲಿಸುತ್ತ ಹೋದೆ. ರಿವರ್ಸಿಗೆ ತಂದಾಗ ಗಾಡಿ ತುಸು ಕುಗ್ಗಿ ಹಿಂದಕ್ಕೆ ಎಳೆಯಿತು. ಎಂಜಿನ್ನು ಬಿಸಿಯಾದ ಮೇಲೆ, ಸಮ ನೆಲದಲ್ಲಿ, ಎಂಜಿನ್ನು ಓಡುತ್ತಿರುವಾಗಲೇ ಮತ್ತೆ ಎಣ್ಣೆಯ ಮಟ್ಟ ನೋಡಿದೆವು. ತಣ್ಣಗಿದ್ದಾಗ ನೋಡಿ ತುಂಬಿದರೆ ಲೆಕ್ಕ ತಪ್ಪುತ್ತದೆ.

ಮೇಷ್ಟ್ರು ಕೂಡ್ಲಿಗಿ ರಸ್ತೆಯಲ್ಲಿ ಓಡಿಸಿಕೊಂಡು ಹೋದರು, ನಾನು ಪಕ್ಕದಲ್ಲಿ ಕೂತಿದ್ದೆ. ಎಡಗಾಲನ್ನು ಕೈಯಿಂದ ಎತ್ತಿ ಆರಾಮಾಗಿ ಒಂದು ಕಡೆ ಇಟ್ಟುಕೊಂಡಿದ್ದರು. ಎರಡನೇ ಗೇರು ಬಿದ್ದಾಗ ತಲೆಯಾಡಿಸಿದರು, ಮೂರನೆಯದು ಬಿದ್ದಾಗ ನಕ್ಕರು. ಆ ವರ್ಷದ ಕೊಟ್ಟೂರು ತೇರಿಗೆ ಹರಪನಹಳ್ಳಿಯಿಂದ ಸಂಸಾರ ಕರೆದುಕೊಂಡು ಅದೇ ಕಾರಿನಲ್ಲಿ ಬಂದರು. ಗುರು ಬಸವೇಶ್ವರನ ತೇರಿಗೆ ದಾವಣಗೆರೆ ಸೀಮೆಯಿಂದ ಸಾವಿರಾರು ಜನ ಪಾದಯಾತ್ರೆ ಬರುತ್ತಾರೆ. ರಸ್ತೆ ತುಂಬಾ ಜನ, ಎತ್ತಿನ ಗಾಡಿ, ಟ್ರ್ಯಾಕ್ಟರು. ನಡೆಯುವವರ ಹಿಂದೆ ನಡಿಗೆಯ ವೇಗದಲ್ಲೇ ಬರಬೇಕು. ಗೇರಿನ ಕಾರಿನವರು ಆ ರಸ್ತೆಯಲ್ಲಿ ಕ್ಲಚ್ಚು ಸುಟ್ಟುಕೊಂಡು ಪ್ರತಿ ವರ್ಷ ನನ್ನ ಗ್ಯಾರೇಜಿಗೆ ಬರುತ್ತಾರೆ. ಮೇಷ್ಟ್ರು ಬ್ರೇಕು ಬಿಡುವುದು, ಹಿಡಿಯುವುದು ಇಷ್ಟರಲ್ಲೇ ಬಂದು ತಲುಪಿದ್ದರು. ‘ನಮ್ಮ ಮನಿಯಾಕಿ ನಿದ್ದಿ ಮಾಡಿಬಿಟ್ಟಳು ನೋಡು’ ಎಂದು ಹೇಳಿದಾಗ ಅವರ ಮುಖದಲ್ಲಿದ್ದ ಹೆಮ್ಮೆ, ಬೇರೆಯವರನ್ನು ಕೂರಿಸಿಕೊಂಡು ತಾನೇ ಓಡಿಸಿ ತಂದವನದು.

2014ರಲ್ಲಿ ಮಾರುತಿ ಸೆಲೆರಿಯೊ ಬಂದ ಮೇಲೆ ಎಎಂಟಿ ಎಂಬ ಅಗ್ಗದ ದಾರಿ ತೆರೆಯಿತು. ಅದರಲ್ಲಿ ಕನ್ವರ್ಟರಿಲ್ಲ. ಮಾಮೂಲಿ ಗೇರ್ ಬಾಕ್ಸು, ಮಾಮೂಲಿ ಕ್ಲಚ್ ಪ್ಲೇಟು. ಒತ್ತುವ ಕೆಲಸ, ಗೇರು ತಳ್ಳುವ ಕೆಲಸ ಮಾತ್ರ ಕಂಪ್ಯೂಟರಿನ ಮಾತು ಕೇಳುವ ಹೈಡ್ರಾಲಿಕ್ ಯಂತ್ರದ್ದು. ಗೇರು ಬದಲಾಗುವಾಗ ತುಸು ತೂಗುತ್ತದೆ, ಅದು ನನಗೆ ದೊಡ್ಡ ಕೊರತೆಯಾಗಿ ಕಂಡಿಲ್ಲ. ನಮ್ಮ ಊರಿನ ಸಂಬಳದವರ ಕೈಗೆಟುಕುವ ಬೆಲೆಯಲ್ಲಿ ಎಡಗಾಲಿಲ್ಲದೆ ಓಡುವ ಕಾರು ಬಂತಲ್ಲ, ಅದು ಮುಖ್ಯ. ಮೂಳೆ, ಕೀಲಿನ ಅಂಗವೈಕಲ್ಯ ಶೇ 40 ಅಥವಾ ಹೆಚ್ಚಿದ್ದವರಿಗೆ 2025ರ ತನಕ ಸಣ್ಣ ಕಾರಿನ ಜಿಎಸ್‌ಟಿಯಲ್ಲಿ ರಿಯಾಯಿತಿಯೂ ಸಿಗುತ್ತಿತ್ತು. ಅದನ್ನು ಕೇಳಿಕೊಂಡು ಬಂದವರಿಗೆ ಮೊದಲು ಸರ್ಟಿಫಿಕೇಟು ಮಾಡಿಸಿ, ಆಮೇಲೆ ಬುಕ್ ಮಾಡಿ ಎಂದು ಹೇಳಿ ಕಳಿಸುತ್ತಿದ್ದೆ.

ಮೇಷ್ಟ್ರು ನನಗೆ ಈಗ ಕೂಡ್ಲಿಗಿ ತಾಲ್ಲೂಕಿನ ಒಬ್ಬ ತರುಣನನ್ನು ಕಳಿಸಿದ್ದಾರೆ. ಅವನದು ಬಲಗಾಲು ಹೋಗಿದೆ, ಎಡಗಾಲು ಗಟ್ಟಿಯಿದೆ. ಆಟೊಮ್ಯಾಟಿಕ್ ಕಾರು ಕೊಂಡಿದ್ದಾನೆ, ಆದರೆ ಆಕ್ಸಿಲೇಟರು ಬಲಕ್ಕಿದೆ. ಎಡಗಾಲಿಗೆ ಇನ್ನೊಂದು ಪೆಡಲು ಕೊಟ್ಟು, ಬಲಗಡೆಯದಕ್ಕೆ ಕಾಲು ತಾಗದಂತೆ ಮರೆ ಹಾಕಬೇಕು. ಬೇಕಾದಾಗ ಬಿಚ್ಚಿ, ಮನೆಯ ಬೇರೆಯವರೂ ಓಡಿಸುವಂತಿರಬೇಕು. ಇಂಥ ಮಾರ್ಪಾಡಿಗೆ ಆರ್‌ಟಿಒ ಒಪ್ಪಿಗೆ ಬೇಕು, ಆರ್‌ಸಿಯಲ್ಲಿ ಬರೆಸಬೇಕು. ಅರ್ಜಿ ಹಿಡಿದು ಹೊಸಪೇಟೆಗೆ ಬರುವ ವಾರ ಇಬ್ಬರೂ ಹೋಗುವುದೆಂದು ಮಾತಾಗಿದೆ. ಪೆಡಲಿನ ಅಳತೆಗೆ ರಟ್ಟು ಕತ್ತರಿಸಿ, ಅವನನ್ನು ಸೀಟಿನಲ್ಲಿ ಕೂರಿಸಿ, ಕಾಲು ಎಲ್ಲಿ ಸಹಜವಾಗಿ ನಿಲ್ಲುತ್ತದೆ ಎಂದು ಗುರುತು ಹಾಕಿಕೊಂಡಿದ್ದೇನೆ.